ಬೀರುವಿನ ಹಿಂದಿನ ಗೋಡೆ

ನಮ್ಮ ಜಗಲಿಗೂ ಪಕ್ಕದ ಮನೆಯ ಜಗಲಿಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಪುನರ್ವಸು ಮಳೆ ಹಿಡಿದ ಮೇಲೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಪಕ್ಕದ ಮನೆಯ ಅಕ್ಕ ಅಲ್ಲಿ ನಿಂತು, ನಾನು ಇಲ್ಲಿ ನಿಂತು, ಮಳೆಯ ಸದ್ದಿನ ಮೇಲೆ ದನಿ ಏರಿಸಿ ಮಾತಾಡುತ್ತೇವೆ. ಮೊನ್ನೆ ಬೆಳಿಗ್ಗೆ ಅಕ್ಕ ಕೈಯಲ್ಲಿ ಒಂದು ರೇಷ್ಮೆ ಸೀರೆ ಹಿಡಿದುಕೊಂಡು ಬಂದರು.

"ನೋಡೇ ಇದನ್ನ. ಮಗಳ ಧಾರೆಗೆ ಉಟ್ಟದ್ದು. ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಮಡಿಕೆ ಬಿಚ್ಚಿದರೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬೂಷ್ಟು."

"ಅಯ್ಯೋ, ಜರಿ ಕಪ್ಪಾಯ್ತಾ ಅಕ್ಕಾ?"

"ಸೀರೆ ಹೋದರೆ ಹೋಗ್ಲಿ ಮಾರಾಯ್ತಿ. ಮೊಮ್ಮಗ ಬಂದು ತಿಂಗಳಾಯ್ತು. ಹಗಲೆಲ್ಲ ಆಡ್ಕೊಂಡಿರ್ತಾನೆ, ರಾತ್ರಿ ಮಲಗಿದ ಕೂಡಲೇ ಕೆಮ್ಮು. ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಕಷಾಯ ಆಯ್ತು, ದೊಡ್ಡಪತ್ರೆ ರಸ ಆಯ್ತು, ಸಿರಪ್ಪೂ ಆಯ್ತು."

"ಅವನು ಮಲಗೋದು ಎಲ್ಲಿ?"

"ಆ ಬೀರು ಇರೋ ಕೋಣೆಯಲ್ಲೇ. ಎಂತಕ್ಕೆ?"

"ಬೀರು ಗೋಡೆಗೆ ಒತ್ತಿಕೊಂಡೇ ಇದೆಯಾ? ಹಿಂದೆ ಯಾವತ್ತಾದರೂ ನೋಡಿದ್ದೀರಾ?"

"ಅಷ್ಟು ಭಾರದ ಬೀರುವನ್ನ ಯಾರು ಎಳೀತಾರೆ?"

ಈ ಪ್ರಶ್ನೆ ನನ್ನದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಒಬ್ಬ ವೈದ್ಯರು ನನಗೆ ಕೇಳಿದ್ದು. ಆಗ ನಾವು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆರ್‌ಸಿಸಿ ಮನೆ, ನೆಲಕ್ಕೆ ಹೊಳೆಯುವ ಟೈಲ್ಸು, ಮಲಗುವ ಕೋಣೆಗೆ ಅಂಟಿಕೊಂಡೇ ಬಚ್ಚಲು. ಹಳ್ಳಿಯಿಂದ ಬಂದ ನನಗೆ ಅದು ಅರಮನೆ. ಮಗನಿಗೆ ಆರು ವರ್ಷ. ಜೂನ್‌ನಲ್ಲಿ ಶುರುವಾದ ಕೆಮ್ಮು ದೀಪಾವಳಿಯ ತನಕ ಬಿಡಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಭುಜ ಮೇಲಕ್ಕೆಳೆದು, ಉಸಿರಿಗಾಗಿ ಒದ್ದಾಡುತ್ತಿದ್ದ. ಬೆನ್ನು ಸವರುತ್ತಾ ಬೆಳಗು ಮಾಡಿದ ರಾತ್ರಿಗಳಿಗೆ ಲೆಕ್ಕವಿಲ್ಲ. "ಥಂಡಿ ಮೈ, ದೊಡ್ಡವನಾದ ಮೇಲೆ ಹೋಗ್ತದೆ" ಎಂದು ಎಲ್ಲರೂ ಹೇಳಿದರು. ಕೊನೆಗೆ ಸಿಕ್ಕಿದ ಆ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದ ಮೇಲೆ ಪೆನ್ನು ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿದರು. "ಮಗು ಯಾವ ಗೋಡೆಯ ಪಕ್ಕ ಮಲಗುತ್ತದೆ? ಬೇರೆ ಊರಿಗೆ ಹೋದಾಗ ಕೆಮ್ಮು ಹೇಗಿರುತ್ತದೆ?"

ಎರಡನೆಯ ಪ್ರಶ್ನೆಗೆ ಉತ್ತರ ಹೇಳುತ್ತಾ ನನಗೇ ಆಶ್ಚರ್ಯವಾಯಿತು. ಹೊಸನಗರದ ಕಡೆಯ ನನ್ನ ತವರಿಗೆ ಹೋದರೆ ಮೂರನೆಯ ದಿನಕ್ಕೆ ಅವನ ಕೆಮ್ಮು ಇಳಿಯುತ್ತಿತ್ತು. ಅದೂ ಜುಲೈ ತಿಂಗಳಲ್ಲಿ, ಶಿವಮೊಗ್ಗಕ್ಕಿಂತ ಎಷ್ಟೋ ಪಾಲು ಹೆಚ್ಚು ಮಳೆ ಸುರಿಯುವ ಊರಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಬೀಳುವ ಮಳೆಯೇ ಕಾಯಿಲೆ ತರುವುದಾದರೆ ಆ ಸೀಮೆಯಲ್ಲಿ ಒಬ್ಬ ಮನುಷ್ಯನೂ ನೆಟ್ಟಗೆ ಉಸಿರಾಡಬಾರದಿತ್ತು. ತೊಂದರೆ ಆಕಾಶದಿಂದ ಬೀಳುವ ನೀರಿನದಲ್ಲ, ಮನೆಯೊಳಗೆ ಬಂದು ಹೊರಗೆ ಹೋಗಲಾರದೆ ನಿಂತ ನೀರಿನದು ಎಂಬುದು ಆವತ್ತು ನನಗೆ ಗೊತ್ತಾಯಿತು.

ಮನೆಗೆ ಬಂದು ನಾನೂ ನಮ್ಮವರೂ ಸೇರಿ ಬೀರು ಎಳೆದೆವು. ಮಂಚದ ತಲೆದೆಸೆಯಿಂದ ಮೊಳ ದೂರದಲ್ಲಿ, ಬಚ್ಚಲಿಗೆ ತಾಗಿದ ಆ ಗೋಡೆ ನೆಲದಿಂದ ಸೊಂಟದೆತ್ತರದವರೆಗೆ ಕಪ್ಪು ಹಸಿರು ಮಚ್ಚೆ. ಕೈಯಿಟ್ಟರೆ ತಣ್ಣಗೆ ಒದ್ದೆ. ಮುಗ್ಗಲು ವಾಸನೆ ಮೂಗಿಗೆ ರಾಚಿತು. ಮಾಲೀಕರಿಗೆ ಹೇಳಿದೆವು. ಬಣ್ಣ ಬಳಿಸಿಕೊಟ್ಟರು. ಒಂದೂವರೆ ತಿಂಗಳಿಗೆ ಹೊಸ ಬಣ್ಣದ ಮೇಲೆ ಅದೇ ಮಚ್ಚೆ ಎದ್ದಿತು. ಮತ್ತೆ ಬಳಿಸಿದರು, ಮತ್ತೆ ಎದ್ದಿತು. ಗೋಡೆಯೊಳಗೆ ಹೋಗಿದ್ದ ಬಚ್ಚಲಿನ ಪೈಪು ಕೂಡುವಲ್ಲಿ ಸೋರುತ್ತಿತ್ತು. ಅದನ್ನು ಒಡೆದು ಸರಿಮಾಡಿಸಿದ ಮೇಲೆ, ಗೋಡೆ ಒಣಗಲು ಒಂದು ಬೇಸಿಗೆಯೇ ಬೇಕಾಯಿತು. ಮುಂದಿನ ಮಳೆಗಾಲ ಮಗ ರಾತ್ರಿ ಮಲಗಿದವನು ಬೆಳಿಗ್ಗೆ ಎದ್ದ. ಮದ್ದು ಅವನಿಗೆ ಬೇಕಿತ್ತು, ಇನ್‌ಹೇಲರ್ ಇವತ್ತಿಗೂ ಜೇಬಿನಲ್ಲಿದೆ. ಆದರೆ ಗೋಡೆ ಒಣಗುವ ತನಕ ಮದ್ದು ಒಂದೇ ಗೆಲ್ಲಲಿಲ್ಲ.

"ಹಾಗಾದರೆ ಬೂಷ್ಟು ಎಲ್ಲಿಂದ ಬರ್ತದೆ?" ಎಂದು ಅಕ್ಕ ಕೇಳಿದರು.

ಅದು ಬರುವುದಲ್ಲ, ಇರುವುದು. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಾಲಕ್ಕೂ ತೇಲುತ್ತಿರುತ್ತವೆ. ಹೆಚ್ಚಿನವು 2ರಿಂದ 10 ಮೈಕ್ರಾನ್, ಒಂದು ಮಿಲಿಮೀಟರಿನ ನೂರನೆಯ ಪಾಲನ್ನೂ ಮೀರದಷ್ಟು ಸಣ್ಣವು. ಬಾಗಿಲು ಹಾಕಿ ಅವನ್ನು ತಡೆಯಲು ಯಾರಿಂದಲೂ ಆಗದು. ಅವಕ್ಕೆ ಊಟವೂ ಎಲ್ಲೆಲ್ಲೂ ಇದೆ. ಸೀರೆಯ ಗಂಜಿ, ಪುಸ್ತಕದ ಅಂಟು, ಚಪ್ಪಲಿಯ ಚರ್ಮ, ಪ್ಲೈವುಡ್ಡು, ಗೋಡೆಯ ಮೇಲೆ ಕೂತ ದೂಳು, ಯಾವುದಾದರೂ ಸಾಕು. ಕೊರತೆ ಇರುವುದು ನೀರಿಗೆ ಮಾತ್ರ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ಬೇರೂರದು. ಒಣಗದಿದ್ದರೆ ಆ ಕಣ ಮೊಳೆತು, ಎಳೆ ಬಿಟ್ಟು, ತಾನೇ ಲಕ್ಷಗಟ್ಟಲೆ ಕಣಗಳನ್ನು ಉದುರಿಸಲು ಶುರು ಮಾಡುತ್ತದೆ. ಆದ್ದರಿಂದ ಗೋಡೆಯ ಮೇಲಿನ ಮಚ್ಚೆಯನ್ನು ಕೊಳೆ ಎಂದು ಒರೆಸಿಬಿಡಬಾರದು. ಅದು ನೀರಿನ ಗುರುತು. ಈ ಜಾಗದಲ್ಲಿ ಎಲ್ಲಿಂದಲೋ ನೀರು ಸೇರುತ್ತಿದೆ ಎಂದು ಗೋಡೆ ಬರೆದು ತೋರಿಸುತ್ತಿದೆ.

ನೀರು ಸೋರಿಕೆಯಿಂದಲೇ ಬರಬೇಕೆಂದಿಲ್ಲ. ನಾಲ್ಕು ಜನರ ಮನೆಯಲ್ಲಿ ಉಸಿರು, ಅಡುಗೆ, ಸ್ನಾನ, ಒಳಗೆ ಹರವಿದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಕೂರುವುದಿಲ್ಲವೇ, ಹಾಗೆಯೇ ಆ ಆವಿ ಮನೆಯ ಅತಿ ತಣ್ಣನೆಯ ಜಾಗ ಹುಡುಕಿ ಅಲ್ಲಿ ನೀರಾಗುತ್ತದೆ. ಗಾಳಿಯೂ ಬಿಸಿಲೂ ತಾಗದ ಬೀರುವಿನ ಹಿಂಬದಿಗಿಂತ ತಣ್ಣನೆಯ ಜಾಗ ಇನ್ನೊಂದುಂಟೇ?

ನನ್ನ ತವರಿನ ಮನೆ ಇದನ್ನೆಲ್ಲ ಪುಸ್ತಕ ಓದದೆಯೇ ತಿಳಿದಿತ್ತು. ಮಳೆಗಾಲಕ್ಕೆ ಮೊದಲು ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಇರಚಲು ಗೋಡೆಗೆ ತಾಗುತ್ತಿರಲಿಲ್ಲ. ಸೂರು ಎರಡು ಮಾರು ಮುಂದೆ ಚಾಚಿತ್ತು. ಹೆಂಚಿನ ಸಂದಿಯಲ್ಲಿ ಆವಿ ತಾನಾಗಿ ಹೊರಟುಹೋಗುತ್ತಿತ್ತು. ಬಚ್ಚಲು ಮಲಗುವ ಕೋಣೆಯಿಂದ ದೂರ, ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಬಿದಿರ ಗಳು. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ, ಸುಣ್ಣ ಹೊಡೆದ ಮಣ್ಣಿನ ಗೋಡೆ ಹೀರಿದ ತೇವವನ್ನು ಮತ್ತೆ ಬಿಟ್ಟುಕೊಡುತ್ತದೆ. ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಆ ಮನೆಯ ಸೌದೆ ಒಲೆಯ ಹೊಗೆ ನನ್ನ ಅಜ್ಜಿಯ ಎದೆಯನ್ನು ತಿಂದಿತು, ಗೋಬರ್ ಗ್ಯಾಸ್ ಬಂದ ಮೇಲೆಯೇ ಅಮ್ಮನಿಗೆ ಬಿಡುಗಡೆ. ಆದರೆ ನೀರನ್ನು ಎಲ್ಲಿ ತಡೆಯಬೇಕು, ಆವಿಯನ್ನು ಎಲ್ಲಿಂದ ಬಿಡಬೇಕು ಎಂಬ ವಿವೇಕ ಅಲ್ಲಿತ್ತು. ಈಗ ಅದೇ ಊರಿನಲ್ಲಿ ಸೂರೇ ಇಲ್ಲದ ತಾರಸಿ ಮನೆ ಕಟ್ಟುತ್ತೇವೆ, ಗಾಜಿನ ಕಿಟಕಿ ಮುಚ್ಚುತ್ತೇವೆ, ಹೊಳೆಯುವ ಬಣ್ಣ ಬಳಿಯುತ್ತೇವೆ. ಒಳಗೆ ಹೊಕ್ಕ ನೀರಿಗೆ ಹೊರಡಲು ದಾರಿಯಿಲ್ಲ.

"ಅದೆಲ್ಲ ಸರಿ, ಬೂಷ್ಟಿಂದ ನಿಜವಾಗಿ ರೋಗ ಬರ್ತದಾ, ಇಲ್ಲಾ ವಾಸನೆ ಮಾತ್ರವಾ?"

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಇಡೀ ಪುಸ್ತಕದಷ್ಟು ಉತ್ತರ ಕೊಟ್ಟಿದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಮೂಗಿನ ಅಲರ್ಜಿ, ಉಸಿರಾಟದ ಸೋಂಕು ಹೆಚ್ಚು, ಅಸ್ತಮಾ ಇದ್ದರೆ ಅದು ಕೆರಳುತ್ತದೆ ಎಂದು ಅದು ಹೇಳುತ್ತದೆ. ಇಷ್ಟು ಬೂಷ್ಟಿನವರೆಗೆ ಪರವಾಗಿಲ್ಲ ಎಂಬ ಒಂದು ಅಂಕೆಯನ್ನು ಅದು ಕೊಟ್ಟಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ. ಒಂದೇ ಕೋಣೆಯಲ್ಲಿ ಮಲಗಿದ ಅಣ್ಣನಿಗೆ ಏನೂ ಆಗದೆ ತಂಗಿಗೆ ಸೀನು ನಿಲ್ಲದಿರಬಹುದು. ಅಣ್ಣನನ್ನು ತೋರಿಸಿ ತಂಗಿಯ ಕಷ್ಟವನ್ನು ಸುಳ್ಳು ಎನ್ನಬಾರದು.

ಬೂಷ್ಟಿಗೂ ದಮ್ಮಿಗೂ ನಂಟಿದೆ ಎಂಬ ಸಂಶಯ ಹಳೆಯದು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಯ ಮೇಲೆ ಒಂದು ಬೂಷ್ಟು ಬೆಳೆದು, ಅದರಿಂದ ಪೆನಿಸಿಲಿನ್ ಸಿಕ್ಕಿದ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಆ ಬೂಷ್ಟು ಎಲ್ಲಿಂದ ಬಂದಿರಬಹುದು ಎಂಬುದು ಅಷ್ಟು ಗೊತ್ತಿಲ್ಲದ ಕಥೆ. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಲಾ ಟೂಷ್ ಎಂಬ ಶಿಲೀಂಧ್ರ ತಜ್ಞರು ಕೆಲಸ ಮಾಡುತ್ತಿದ್ದರು. ಅಸ್ತಮಾ ರೋಗಿಗಳ ಮನೆಗಳಿಂದ ಬೂಷ್ಟು ತಂದು ಬೆಳೆಸುವುದು ಅವರ ಕೆಲಸ, ಮನೆಯ ಬೂಷ್ಟೇ ಉಬ್ಬಸಕ್ಕೆ ಕಾರಣವೇನೋ ಎಂದು ಪರೀಕ್ಷಿಸಲು. ಅಲ್ಲಿಂದ ಹಾರಿದ ಕಣವೇ ಫ್ಲೆಮಿಂಗರ ತಟ್ಟೆಗೆ ಬಿದ್ದಿತು ಎಂಬುದು ಅನೇಕ ಇತಿಹಾಸಕಾರರ ಊಹೆ. ಲೋಕದ ಕೋಟಿ ಜೀವ ಉಳಿಸಿದ ಮದ್ದು, ಉಸಿರಿಗೆ ಒದ್ದಾಡುವ ಯಾರದೋ ಮನೆಯ ಒದ್ದೆ ಗೋಡೆಯಿಂದ ಹೊರಟಿರಬಹುದು ಎಂದು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಕೆಲವರಿಗೆ ವಿಷಯ ಕೆಮ್ಮಿಗೆ ನಿಲ್ಲುವುದಿಲ್ಲ. ಅಸ್ತಮಾ ಇರುವ ಕೆಲವರ ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ನೆಲೆಯೂರಿ ತೀವ್ರ ಅಲರ್ಜಿ ಎಬ್ಬಿಸುತ್ತದೆ. ಎಕ್ಸ್‌ರೇಯಲ್ಲಿ ಅದು ಕ್ಷಯದಂತೆ ಕಾಣುವುದರಿಂದ ನಮ್ಮ ದೇಶದಲ್ಲಿ ಎಷ್ಟೋ ಜನ ಸುಮ್ಮನೆ ಕ್ಷಯದ ಗುಳಿಗೆ ನುಂಗಿದ್ದಾರೆ. ಇನ್ನು ಕೆಲವರಿಗೆ ಇಂಥ ಕಣಗಳನ್ನು ವರ್ಷಗಟ್ಟಲೆ ಉಸಿರಾಡಿ ಶ್ವಾಸಕೋಶವೇ ಉರಿದು, ಗಟ್ಟಿಯಾಗಿ, ನಾಲ್ಕು ಮೆಟ್ಟಿಲು ಹತ್ತಲೂ ಏದುಸಿರು ಬರುತ್ತದೆ. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ಶ್ವಾಸಕೋಶ ಗಟ್ಟಿಯಾಗುವಂಥ ಕಾಯಿಲೆಯ 1,084 ರೋಗಿಗಳನ್ನು ದಾಖಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದ್ದದ್ದು ಹೀಗೆ ಕಣ ಉಸಿರಾಡಿ ಬರುವ ಬಗೆಯ ರೋಗ. ಅವರಲ್ಲಿ ಬಹಳ ಮಂದಿ ಕೂಲರ್ ಗಾಳಿಯಲ್ಲಿ ಇದ್ದವರು. ಕೂಲರಿನ ಒದ್ದೆ ಮೆತ್ತೆಯಲ್ಲಿ ಬೂಷ್ಟು ಬೆಳೆದರೆ ಫ್ಯಾನು ಅದನ್ನೇ ನೇರವಾಗಿ ಮುಖಕ್ಕೆ ಊದುತ್ತದೆ. ಇದು ಮಲೆನಾಡಿನ ಸಂಕಟ ಮಾತ್ರ ಎಂದುಕೊಂಡಿದ್ದ ನಾನು ಇದನ್ನು ಓದಿದ ದಿನವೇ ಕಲಬುರಗಿಯಲ್ಲಿರುವ ನಾದಿನಿಗೆ ಫೋನು ಮಾಡಿ, ಕೂಲರಿನ ನೀರು ಬದಲಿಸು, ಮೆತ್ತೆ ತೊಳೆದು ಒಣಗಿಸು, ಹಳತಾದರೆ ಹೊಸತು ಹಾಕು ಎಂದು ಹೇಳಿದೆ.

ಅಕ್ಕನ ಮುಖ ಬಾಡಿತು. "ಕಪ್ಪು ಬೂಷ್ಟು ಅಂದ್ರೆ ಕೊರೊನಾ ಕಾಲದಲ್ಲಿ ಕಣ್ಣು ತೆಗೆಸ್ತಿದ್ರಲ್ಲ, ಅದೇ ಅಲ್ವಾ?"

ಅಲ್ಲ ಅಕ್ಕಾ, ಎಂದು ಜೋರಾಗಿ ಹೇಳಿದೆ. 2021ರಲ್ಲಿ ಕಪ್ಪು ಶಿಲೀಂಧ್ರ ಎಂದು ಕರೆದದ್ದು ಮ್ಯೂಕರ್‌ಮೈಕೋಸಿಸ್. ಅದರ ಜಾತಿಯೇ ಬೇರೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹೆಚ್ಚು ಸ್ಟಿರಾಯ್ಡ್ ಇವೆರಡರಿಂದ ಸೋತ ಮೈಯನ್ನು ಅದು ಹಿಡಿಯಿತು. ಸತ್ತ ಅಂಗಾಂಶ ಕಪ್ಪಾಗುವುದರಿಂದ ಆ ಹೆಸರು. ಗೋಡೆಯ ಕಪ್ಪು ಮಚ್ಚೆಗೂ ಅದಕ್ಕೂ ಬಣ್ಣದ ಹೋಲಿಕೆಯಷ್ಟೇ. ಬೂಷ್ಟಿನ ಬಣ್ಣ ನೋಡಿ ಅಪಾಯ ಅಳೆಯಲು ಬರುವುದೂ ಇಲ್ಲ. ಕಪ್ಪಿರಲಿ, ಬಿಳಿಯಿರಲಿ, ಹಸಿರಿರಲಿ, ಮಾಡಬೇಕಾದ ಕೆಲಸ ಒಂದೇ. ಆದರೆ ಕೀಮೋಥೆರಪಿ ಆಗುತ್ತಿರುವವರು, ಅಂಗಾಂಗ ಕಸಿ ಆದವರು, ಶ್ವಾಸಕೋಶದ ಹಳೆಯ ಕಾಯಿಲೆಯವರು ಇರುವ ಮನೆಯಲ್ಲಿ ಎಚ್ಚರ ಹೆಚ್ಚು ಬೇಕು. ಅವರನ್ನು ಆ ಕೋಣೆ ಬಿಟ್ಟು ಬೇರೆಡೆ ಮಲಗಿಸಿದ ಮೇಲೆಯೇ ಶುಚಿ ಮಾಡಲು ಕೈಹಾಕಬೇಕು.

ನನ್ನನ್ನು ಬಹಳ ಕಾಡಿದ ಸುದ್ದಿಯೊಂದಿದೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಆವಾಬ್ ಇಷಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಾಡಿಗೆ ಮನೆಯ ಗೋಡೆ ತುಂಬ ಬೂಷ್ಟು. ತಂದೆ 2017ರಿಂದಲೇ ದೂರು ಹೇಳುತ್ತಿದ್ದರು. ಅವರಿಗೆ ಸಿಕ್ಕಿದ್ದ ಸಲಹೆ, ಮೇಲೆ ಬಣ್ಣ ಬಳಿಯಿರಿ ಎಂದು. 2022ರ ನವೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಮನೆಯ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡದ್ದರಿಂದ ಆದ ಉಸಿರಾಟದ ಕಾಯಿಲೆಯೇ ಕಾರಣ ಎಂದು ತೀರ್ಪಿತ್ತರು. ಮರುವರ್ಷ ಆ ಮಗುವಿನ ಹೆಸರಿನಲ್ಲೇ ಕರೆಯಲಾಗುವ ಕಾನೂನು ಬಂತು. 2025ರ ಅಕ್ಟೋಬರಿನಿಂದ ಅಲ್ಲಿನ ಸಾಮಾಜಿಕ ವಸತಿಗಳಲ್ಲಿ ತುರ್ತು ಅಪಾಯವನ್ನು 24 ಗಂಟೆಯೊಳಗೆ ಸರಿಪಡಿಸಬೇಕು. ಆ ತಂದೆಗೆ ಸಿಕ್ಕಿದ ಸಲಹೆಯೇ ಶಿವಮೊಗ್ಗದ ನಮ್ಮ ಕೋಣೆಯಲ್ಲೂ ಎರಡು ಸಲ ಗೋಡೆಗೆ ಬಿದ್ದಿತ್ತು. ನಮ್ಮ ಮಗ ಉಳಿದುಕೊಂಡ. ಬಾಡಿಗೆ ಮನೆಯವರು ಬೂಷ್ಟಿನ ಮಾತೆತ್ತಿದರೆ ಅವರು ಕಿಟಕಿ ತೆಗೆಯುವುದಿಲ್ಲ, ಮನೆ ಶುಚಿ ಇಡುವುದಿಲ್ಲ ಎಂದು ಅವರ ಮೇಲೆಯೇ ಹಾಕುವುದು ಸುಲಭ. ಸೋರುವ ಪೈಪಿಗೆ ಕಿಟಕಿ ತೆಗೆದರೆ ಉತ್ತರ ಸಿಗುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟಿರುವ ನನ್ನ ಓರಗೆಯವರಿಗೆಲ್ಲ ನಾನು ಕೈಮುಗಿದು ಕೇಳುವುದಿಷ್ಟೇ. ಮುಂದಿನ ಸಲ ಪೇಂಟರಿಗೆ ಮೊದಲು ಪ್ಲಂಬರಿಗೆ ಫೋನು ಮಾಡಿ.

ಮೊದಲು ನೀರಿನ ಕಡೆ ನೋಡಬೇಕು ಎಂಬುದು ಅಡಿಕೆ ತೋಟದ ನಮಗೆ ಗೊತ್ತಿಲ್ಲದ ಪಾಠವೇನಲ್ಲ. ಕೊಳೆರೋಗ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಆ ರೋಗವನ್ನು ಕೂಲಂಕಷವಾಗಿ ನೋಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮೊದಲೇ ಹೊಡೆದರೆ ಅದನ್ನು ತಡೆಯಬಹುದು ಎಂದು ತೋರಿಸಿಕೊಟ್ಟರು. ಕೊಳೆ ತರುವ ಜೀವಿಯನ್ನು ಈಗಿನ ವಿಜ್ಞಾನ ಶಿಲೀಂಧ್ರಗಳಿಂದ ಬೇರೆ ಗುಂಪಿಗೆ ಸೇರಿಸಿದೆ, ಆದರೆ ಅದರ ಆಸೆಯೂ ನೀರೇ. ಅಂದಿನಿಂದ ನಾವು ಮಳೆ ಹಿಡಿಯುವ ಮೊದಲೇ ಕೊನೆಗೆ ಮದ್ದು ಹೊಡೆಯುತ್ತೇವೆ, ಬಸಿಗಾಲುವೆ ಬಿಡಿಸುತ್ತೇವೆ. ಒಂದು ಕೊನೆ ಉದುರಿದರೆ ನಿದ್ದೆ ಬರದ ಮನೆಯಲ್ಲಿ, ಮಗು ಕೆಮ್ಮಿದರೆ ಶೀತ ಎಂದು ಸುಮ್ಮನಾಗುತ್ತೇವೆ. ತೋಟಕ್ಕೆ ತೋರುವ ಕಾಳಜಿಯ ಅರ್ಧವನ್ನು ಮಲಗುವ ಕೋಣೆಗೆ ತೋರಿದರೆ ಸಾಕು.

"ಈಗ ನಾನು ಎಂತ ಮಾಡ್ಲಿ ಹೇಳು" ಎಂದರು ಅಕ್ಕ.

ಮೊದಲು ನೀರು ಎಲ್ಲಿಂದ ಎಂದು ಹುಡುಕಬೇಕು. ತಾರಸಿಯ ಬಿರುಕು, ಮುರಿದ ಹೆಂಚು, ಬಚ್ಚಲ ಪೈಪು, ಗೋಡೆಯ ಬುಡದಲ್ಲಿ ನಿಂತ ನೀರು. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಬೇಕು. ಹಾಸಿಗೆ ಹೊರಗೋಡೆಗೆ ತಾಗಬಾರದು. ಬಟ್ಟೆ ಮಲಗುವ ಕೋಣೆಯಲ್ಲಿ ಹರವಬಾರದು. ಸ್ನಾನವಾದ ಮೇಲೆ, ಅಡುಗೆ ಮಾಡುವಾಗ ಆವಿ ಹೊರಗೆ ಹೋಗುವಂತೆ ಫ್ಯಾನು ಹಾಕಬೇಕು. ಗಾಳಿಯ ತೇವ ಅಳೆಯುವ ಸಣ್ಣ ಯಂತ್ರ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಳಗಿನ ತೇವಾಂಶ ಶೇ. 60 ದಾಟದಿದ್ದರೆ ನೆಮ್ಮದಿ. ನಮ್ಮ ಮಳೆಗಾಲದಲ್ಲಿ ಅದು ಕಷ್ಟ, ಆದ್ದರಿಂದಲೇ ಬಿಸಿಲು ಕಂಡ ದಿನ ಬಿಡಬಾರದು.

ಬೂಷ್ಟು ಹಿಡಿದ ಜಾಗ ಸುಮಾರು ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಕಡಿಮೆ ಇದ್ದರೆ ನಾವೇ ತೆಗೆಯಬಹುದು. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಿದರೆ ಕಣಗಳೆಲ್ಲ ಮೂಗಿಗೇ ಬರುತ್ತವೆ. ಮಾಸ್ಕು, ಕೈಗವಸು ಹಾಕಿ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ಒರೆಸಿ, ಚೆನ್ನಾಗಿ ಒಣಗಿಸಬೇಕು. ಸತ್ತ ಬೂಷ್ಟೂ ಅಲರ್ಜಿ ಎಬ್ಬಿಸುವುದರಿಂದ ಕೊಂದರೆ ಸಾಲದು, ತೆಗೆಯಬೇಕು. ಬ್ಲೀಚಿಂಗ್ ಪುಡಿಯನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಯಾವ ಕಾರಣಕ್ಕೂ ಸೇರಿಸಬಾರದು, ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಅಲ್ಲೇ ಸುಡುತ್ತದೆ. ಬೂಷ್ಟು ಒಳಗಿಳಿದ ಹತ್ತಿ ದಿಂಬು, ಹಾಸಿಗೆಯನ್ನು ಉಳಿಸಿಕೊಳ್ಳುವ ಆಸೆ ಬೇಡ. ಮಗುವನ್ನು ವೈದ್ಯರಿಗೆ ತೋರಿಸುವಾಗ ಗೋಡೆಯ ವಿಷಯವನ್ನೂ ಬಿಡದೆ ಹೇಳಬೇಕು.

"ಕಡಲೆಕಾಯಿ ಡಬ್ಬದಲ್ಲೂ ಹಸಿರು ಬಂದಿದೆ. ಆರಿಸಿ ಹುರಿದರೆ ಆಗ್ತದಾ?"

"ಬೇಡ ಅಕ್ಕಾ, ಅದನ್ನು ಎಸೆದುಬಿಡಿ." ಕಡಲೆಕಾಯಿ, ಜೋಳಗಳ ಮೇಲೆ ಬರುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಬೇರೆ ತಿನ್ನಲು ಇಲ್ಲದ ಬಡವರು ಅವರು. ನಮಗೆ ಎಸೆಯುವಷ್ಟು ಅನುಕೂಲವಿದೆ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು. ಬೇಲಿ ಸುತ್ತಿ ಅವರ ಮನೆಗೆ ಹೋದೆ. ಅಕ್ಕ, ಅವರ ಮಗಳು, ನಾನು, ಮೂವರೂ ಸೇರಿ ಬೀರುವಿನ ಬಟ್ಟೆಯೆಲ್ಲ ಇಳಿಸಿ ಎಳೆದೆವು. ಗೋಡೆ ನೋಡಿ ಯಾರೂ ಮಾತಾಡಲಿಲ್ಲ. ಅಕ್ಕ ಅಂಗೈಯನ್ನು ಆ ತಣ್ಣನೆಯ ಮಚ್ಚೆಯ ಮೇಲಿಟ್ಟು, ಆಮೇಲೆ ಮೊಮ್ಮಗನ ದಿಂಬು ಇದ್ದ ಜಾಗವನ್ನು ನೋಡಿದರು. ಹೊರಗೆ ಹೋಗಿ ನೋಡಿದರೆ ತಾರಸಿಯ ನೀರಿಳಿಯುವ ಕೊಳವೆ ಸೊಂಟದೆತ್ತರದಲ್ಲಿ ಸೀಳಿ, ಅದೇ ಗೋಡೆಯ ಮೈಮೇಲೆ ಸುರಿಯುತ್ತಿತ್ತು. ಆವತ್ತು ರಾತ್ರಿಯಿಂದ ಮಗು ನಡುಮನೆಯಲ್ಲಿ ಮಲಗುತ್ತಿದೆ. ಕೊಳವೆ ಬದಲಾಗಿದೆ. ಗೋಡೆ ಒಣಗಲು ದಿನ ಹಿಡಿಯುತ್ತದೆ, ಆ ಕೋಣೆಗೆ ಈಗಲೇ ಬಣ್ಣ ಹೊಡೆಸುವುದಿಲ್ಲ ಎಂದು ಅಕ್ಕ ಮಗಳಿಗೆ ಖಂಡಿತವಾಗಿ ಹೇಳಿದ್ದಾರೆ.

ಇವತ್ತು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಬೇಲಿಯಾಚೆಯಿಂದ ಕೂಗು ಬಂತು. "ಹೂಬಿಸಿಲು ಬಿದ್ದಿದೆ ಕಣೇ, ಹಾಸಿಗೆ ಹೊರಗೆ ಹಾಕು ಬೇಗ!" ಹಾಲಿನ ಒಲೆ ಆರಿಸಿ ದಿಂಬುಗಳನ್ನು ಎತ್ತಿಕೊಂಡು ಓಡಿದೆ.